ಕಟ್ಟಿಗೆಯ ಉರಿ ಶುದ್ಧ ಇಂಧನವೇ?

ಕಲ್ಲಿದ್ದಲು ಮತ್ತು ಖನಿಜ ತೈಲಗಳು ಒಂದಲ್ಲ ಒಂದು ದಿನ ಮುಗಿದುಹೋಗುವ ನಿಕ್ಷೇಪಗಳು. ಭೂಗರ್ಭದಲ್ಲಿ ಅವು ರೂಪುಗೊಳ್ಳಲು ಕೋಟ್ಯಂತರ ವರ್ಷಗಳು ಬೇಕಾದವು. ಮಾನವನು ಅವುಗಳನ್ನು ಕೆಲವೇ ಶತಮಾನಗಳಲ್ಲಿ ಉರಿಸಿ ಬರಿದು ಮಾಡುತ್ತಿದ್ದಾನೆ. ಕಟ್ಟಿಗೆಯ ಮಾತು ಬೇರೆ. ಸವರಿದ ಮರ ಮತ್ತೆ ಚಿಗುರುತ್ತದೆ, ಕಟಾವು ಮಾಡಿದ ಕಬ್ಬಿನ ಬುಡದಿಂದ ಮರುವರ್ಷ ಕೂಳೆ ಬೆಳೆ ಬರುತ್ತದೆ, ತೆಂಗಿನ ಮರ ವರ್ಷವಿಡೀ ಮಡಲು ಉದುರಿಸುತ್ತಲೇ ಇರುತ್ತದೆ. ಈ ಕಾರಣದಿಂದ ಸೌದೆ, ಬೆರಣಿ, ತೆಂಗಿನ ಸಿಪ್ಪೆ, ಕಬ್ಬಿನ ರಚ್ಚು, ಭತ್ತದ ಹೊಟ್ಟು ಮೊದಲಾದ ಜೈವಿಕ ಇಂಧನಗಳನ್ನು ಸೂರ್ಯಶಕ್ತಿ ಮತ್ತು ಪವನಶಕ್ತಿಗಳ ಸಾಲಿನಲ್ಲಿಯೇ ಇರಿಸಿ 'ನವೀಕರಿಸಬಹುದಾದ ಇಂಧನ'ಗಳೆಂದು ಕರೆಯುವುದು ರೂಢಿಯಾಗಿದೆ. 1973ರ ತೈಲ ಬಿಕ್ಕಟ್ಟಿನ ತರುವಾಯ ಇಂಥ ಇಂಧನಗಳ ಕಡೆಗೆ ಜಗತ್ತಿನ ಗಮನ ಹರಿಯಿತು. ಭಾರತ ಸರಕಾರವು 1982ರಲ್ಲಿ ಅಸಾಂಪ್ರದಾಯಿಕ ಇಂಧನ ಮೂಲಗಳಿಗಾಗಿ ಪ್ರತ್ಯೇಕ ಇಲಾಖೆಯನ್ನೇ ತೆರೆಯಿತು. ಇಂದು ದೇಶದಲ್ಲಿ ಜೈವಿಕ ಇಂಧನದಿಂದ ವಿದ್ಯುತ್ತನ್ನು ಉತ್ಪಾದಿಸುವ ಸ್ಥಾವರಗಳ ಒಟ್ಟು ಸಾಮರ್ಥ್ಯವು ಸುಮಾರು 10,000 ಮೆಗಾವಾಟ್‌ನಷ್ಟಿದೆ. ಅದರಲ್ಲಿ ಬಹುಪಾಲು ಸಕ್ಕರೆ ಕಾರ್ಖಾನೆಗಳ ಕಬ್ಬಿನ ರಚ್ಚಿನಿಂದ ದೊರೆಯುವಂಥದು.

ಆದರೆ ಆರೋಗ್ಯದ ದೃಷ್ಟಿಯಿಂದ ವಿಚಾರಿಸಿದಾಗ ಇಲ್ಲಿ ಒಂದು ಗೊಂದಲವು ಕಂಡುಬರುತ್ತದೆ. 'ನವೀಕರಿಸಬಹುದಾದುದು' ಎಂದೊಡನೆ ಜನಸಾಮಾನ್ಯರು 'ಶುದ್ಧವಾದುದು' ಎಂದೇ ಭಾವಿಸುತ್ತಾರೆ. ಇಂಧನವು ಮರಳಿ ದೊರೆಯುವುದೇ ಎಂಬುದು ಒಂದು ಪ್ರಶ್ನೆ. ಉರಿಯುವಾಗ ಅದು ಗಾಳಿಗೆ ಏನನ್ನು ಬೆರೆಸುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಕಾಡು ಮತ್ತು ಹೊಲಗಳು ಉತ್ತರ ಹೇಳಬೇಕು. ಎರಡನೆಯದಕ್ಕೆ ಮನುಷ್ಯನ ಶ್ವಾಸಕೋಶವೇ ಉತ್ತರ ಹೇಳಬೇಕು.

ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಈ ವಿವೇಚನೆಯು ನೇರವಾಗಿ ಸಂಬಂಧಿಸಿದೆ. ಇಲ್ಲಿನ ಹಿರಿಯ ತಾಯಂದಿರಲ್ಲಿ ಅನೇಕರು ಕರಾವಳಿಯ, ಮಲೆನಾಡಿನ ಅಥವಾ ಉತ್ತರ ಕರ್ನಾಟಕದ ಹಳ್ಳಿಮನೆಗಳಲ್ಲಿ ಬಾಳಿನ ಬಹುಭಾಗವನ್ನು ಒಲೆಯ ಮುಂದೆ ಕಳೆದು, ಇಳಿವಯಸ್ಸಿನಲ್ಲಿ ಮಕ್ಕಳ ಮನೆಗೆ ಬಂದು ಸೇರಿದವರು. ಇಲ್ಲಿಗೆ ಬಂದಮೇಲೆ ಅವರಿಗೆ ಕೆಮ್ಮು ಅಥವಾ ಏದುಸಿರು ಕಾಣಿಸಿಕೊಂಡರೆ ಮನೆಯವರು ಅದನ್ನು ಮಹಾನಗರದ ಗಾಳಿಯ ಮೇಲೆ ಇಲ್ಲವೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಒಲೆಯ ನೆನಪು ಯಾರಿಗೂ ಬರುವುದಿಲ್ಲ.

ಇಂಗಾಲದ ಜಮಾಖರ್ಚು

ಮೊದಲನೆಯ ಪ್ರಶ್ನೆಯನ್ನು ಮೊದಲು ನೋಡೋಣ. ಮರವು ಬೆಳೆಯುವಾಗ ವಾಯುಮಂಡಲದ ಇಂಗಾಲದ ಡೈಆಕ್ಸೈಡನ್ನು ಹೀರಿ ತನ್ನ ಕಾಂಡದಲ್ಲಿ ಕೂಡಿಡುತ್ತದೆ. ಉರಿದಾಗ ಅದೇ ಇಂಗಾಲ ಮತ್ತೆ ಗಾಳಿಯನ್ನು ಸೇರುತ್ತದೆ. ಪಡೆದುದನ್ನೇ ಹಿಂದಿರುಗಿಸಿದಂತಾದುದರಿಂದ ಭೂಮಿಯ ತಾಪಮಾನಕ್ಕೆ ಹಾನಿಯಿಲ್ಲ ಎಂಬುದು ಜೈವಿಕ ಇಂಧನದ ಪರವಾದ ಮುಖ್ಯ ವಾದ. ಇದರಲ್ಲಿ ಸತ್ಯಾಂಶವಿದೆ, ಆದರೆ ಕಾಲದ ಲೆಕ್ಕವನ್ನು ಇದು ಬಿಟ್ಟುಬಿಡುತ್ತದೆ.

ಹವಾಮಾನ ಬದಲಾವಣೆಯ ಬಗೆಗಿನ ಅಂತರರಾಷ್ಟ್ರೀಯ ಮಂಡಳಿಯಾದ ಐ.ಪಿ.ಸಿ.ಸಿ. ಒದಗಿಸಿದ ಅಂಕಿಗಳ ಪ್ರಕಾರ, ಇಂಧನದಲ್ಲಿರುವ ಒಂದು ಗಿಗಾಜೂಲ್ ಶಾಖಕ್ಕೆ ಕಟ್ಟಿಗೆಯು 112 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. ಅಷ್ಟೇ ಶಾಖಕ್ಕೆ ಕಲ್ಲಿದ್ದಲು ಬಿಡುವುದು ಸುಮಾರು 95 ಕಿಲೋಗ್ರಾಂ, ನೈಸರ್ಗಿಕ ಅನಿಲ ಬಿಡುವುದು ಸುಮಾರು 56 ಕಿಲೋಗ್ರಾಂ. ಅಂದರೆ ಉರಿಯುವ ಕ್ಷಣದಲ್ಲಿ ಕಟ್ಟಿಗೆಯು ಕಲ್ಲಿದ್ದಲಿಗಿಂತ ಹೆಚ್ಚು ಇಂಗಾಲವನ್ನು ಗಾಳಿಗೆ ಸೇರಿಸುತ್ತದೆ. ಇದು ಒಂದು ಬಗೆಯ ಸಾಲ. ಕಡಿದ ಮರದ ಜಾಗದಲ್ಲಿ ಇನ್ನೊಂದು ಮರ ಅಷ್ಟೇ ದೊಡ್ಡದಾಗಿ ಬೆಳೆದಾಗ ಮಾತ್ರ ಈ ಸಾಲ ತೀರುತ್ತದೆ. ನಲವತ್ತು ವರ್ಷದ ಮರವನ್ನು ಒಂದು ವಾರದಲ್ಲಿ ಉರಿಸಿದರೆ ಸಾಲ ತೀರಲು ನಲವತ್ತು ವರ್ಷಗಳೇ ಹಿಡಿಯಬಹುದು. ಮರ ನೆಡದಿದ್ದರೆ ಅದು ತೀರುವುದೇ ಇಲ್ಲ. ಇದಕ್ಕೆ ಪ್ರತಿಯಾಗಿ ತೆಂಗಿನ ಸಿಪ್ಪೆ, ಕಬ್ಬಿನ ರಚ್ಚು, ಒಣ ಪುರಳೆಗಳು ಉರಿಸದಿದ್ದರೂ ಒಂದೆರಡು ವರ್ಷಗಳಲ್ಲಿ ಕೊಳೆತು ಗಾಳಿಗೆ ಸೇರತಕ್ಕವು. ಅವುಗಳ ಸಾಲ ಬಹಳ ಚಿಕ್ಕದು.

ಯುರೋಪಿನಲ್ಲಿ ಈ ಚರ್ಚೆ ತೀವ್ರವಾಗಿದೆ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿರುವ ಡ್ರಾಕ್ಸ್ ವಿದ್ಯುದಾಗಾರವು ಕಲ್ಲಿದ್ದಲನ್ನು ಬಿಟ್ಟು, ಅಮೆರಿಕದಿಂದ ಹಡಗಿನಲ್ಲಿ ತರಿಸಿದ ಮರದ ಗುಳಿಗೆಗಳನ್ನು ಉರಿಸತೊಡಗಿತು. ಅಲ್ಲಿನ ಕಾನೂನು ಇದನ್ನು ನವೀಕರಿಸಬಹುದಾದ ಇಂಧನವೆಂದೇ ಎಣಿಸಿತು. 2018ರಲ್ಲಿ ಸುಮಾರು 800 ಮಂದಿ ವಿಜ್ಞಾನಿಗಳು ಯುರೋಪಿನ ಸಂಸತ್ತಿಗೆ ಪತ್ರ ಬರೆದು, ಇಂಧನಕ್ಕಾಗಿಯೇ ಮರ ಕಡಿಯುವುದನ್ನು ಹೀಗೆ ಎಣಿಸಬಾರದೆಂದೂ ಉಳಿಕೆ ಪದಾರ್ಥಗಳಿಗೆ ಮಾತ್ರ ಆ ಮನ್ನಣೆ ಸಲ್ಲಬೇಕೆಂದೂ ಒತ್ತಾಯಿಸಿದರು.

ಹಳ್ಳಿಯ ಪುರಳೆ, ಪೇಟೆಯ ದಿಮ್ಮಿ

ಈ ಭೇದವನ್ನು ಕರ್ನಾಟಕದ ವಿಜ್ಞಾನಿಗಳು ಬಹು ಮೊದಲೇ ಗುರುತಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಈ ಕೇಂದ್ರದವರು ಮನೆಮನೆಯ ಇಂಧನ ಬಳಕೆಯನ್ನು ಅಳೆದು ನೋಡಿದರು. ಹಳ್ಳಿಯ ಒಲೆಗೆ ಹೋಗುವುದು ಬಹುಮಟ್ಟಿಗೆ ಹೆಂಗಸರು ಮತ್ತು ಮಕ್ಕಳು ಆಯ್ದು ತಂದ ಪುರಳೆ, ರೆಂಬೆ, ಬೇಲಿಯ ಕಡ್ಡಿಗಳೇ ಎಂಬುದು ಇಂಥ ಅಧ್ಯಯನಗಳಿಂದ ತಿಳಿದುಬಂತು. ಬೆಂಗಳೂರು ನಗರದ ಸೌದೆ ಬಳಕೆಯ ಬಗೆಗೆ 1983ರಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ವಿರುದ್ಧವಾದ ಚಿತ್ರವನ್ನು ತೋರಿಸಿತು: ನಗರದ ಸೌದೆ ಡಿಪೋಗಳಿಗೆ ದೂರದ ಕಾಡುಗಳಿಂದ ಲಾರಿಗಟ್ಟಲೆ ದಿಮ್ಮಿಗಳು ಬರುತ್ತಿದ್ದವು. ಹಳ್ಳಿಯ ಒಲೆ ಮರವನ್ನು ಉಳಿಸಿ ರೆಂಬೆಯನ್ನು ಉರಿಸಿದರೆ, ನಗರದ ಒಲೆ ಮರವನ್ನೇ ಉರಿಸುತ್ತಿತ್ತು.

ಆದುದರಿಂದ 'ಕಟ್ಟಿಗೆ ನವೀಕರಿಸಬಹುದಾದ ಇಂಧನವೇ?' ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಕಟ್ಟಿಗೆ, ಎಲ್ಲಿಂದ ಬಂತು, ಅಲ್ಲಿ ಮತ್ತೆ ಏನು ಬೆಳೆಯಿತು ಎಂಬುದನ್ನು ಅವಲಂಬಿಸಿ ಉತ್ತರ ಬದಲಾಗುತ್ತದೆ. 2015ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಂದಾಜಿನಂತೆ, 2009ರಲ್ಲಿ ಇಂಧನಕ್ಕಾಗಿ ಕಡಿದ ಮರದಲ್ಲಿ ಶೇಕಡಾ 27ರಿಂದ 34ರಷ್ಟು ಮರಳಿ ಬೆಳೆಯುವ ಪ್ರಮಾಣವನ್ನು ಮೀರಿದುದಾಗಿತ್ತು.

ಹೊಗೆಯಲ್ಲಿ ಏನಿದೆ?

ಈಗ ಎರಡನೆಯ ಪ್ರಶ್ನೆ. ಕಟ್ಟಿಗೆಯು ಕಾದಾಗ ಅದರ ತೂಕದ ಬಹುಭಾಗವು ಮೊದಲು ಆವಿಯಾಗಿ ಹೊರಬರುತ್ತದೆ. ಈ ಆವಿಗಳು ಸಾಕಷ್ಟು ಉಷ್ಣತೆಯಲ್ಲಿ ಸಾಕಷ್ಟು ಗಾಳಿಯೊಡನೆ ಬೆರೆತರೆ ಪೂರ್ಣವಾಗಿ ಉರಿದು ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತವೆ. ಮೂರು ಕಲ್ಲಿನ ಒಲೆಯಲ್ಲಿ ಇವೆರಡೂ ದೊರೆಯುವುದಿಲ್ಲ. ತಣ್ಣನೆಯ ಪಾತ್ರೆಯ ತಳ ತಾಕಿದೊಡನೆ ಜ್ವಾಲೆ ಕುಗ್ಗುತ್ತದೆ. ಸೌದೆ ಹಸಿಯಾಗಿದ್ದರೆ ಶಾಖವೆಲ್ಲ ನೀರನ್ನು ಒಣಗಿಸುವುದಕ್ಕೇ ವ್ಯಯವಾಗುತ್ತದೆ. ಅರ್ಧ ಉರಿದ ಆವಿಯೇ ಹೊಗೆ. ಹಳೆಯ ಅಡಿಗೆಮನೆಗಳ ಜಂತಿಗಳಲ್ಲಿ ಜೋತಾಡುತ್ತಿದ್ದ ಇಲ್ಲಣ ಅದರದೇ ಗುರುತು.

ಈ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್, ಬೆಂಜೋಪೈರೀನ್ ಮೊದಲಾದವು ಇರುತ್ತವೆ. ಇವುಗಳಿಗಿಂತ ಹೆಚ್ಚಿನ ಹಾನಿ ಮಾಡುವಂಥವು ಅತಿ ಸೂಕ್ಷ್ಮ ಕಣಗಳು. 2.5 ಮೈಕ್ರಾನಿಗಿಂತ ಚಿಕ್ಕದಾದ, ಎಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟಿರುವ ಈ ಕಣಗಳನ್ನು ಮೂಗು ಮತ್ತು ಗಂಟಲುಗಳು ತಡೆಯಲಾರವು. ಅವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿದು ಉರಿಯೂತವನ್ನುಂಟುಮಾಡುತ್ತವೆ. ಆ ಉರಿಯೂತದ ಪರಿಣಾಮವು ರಕ್ತನಾಳಗಳಿಗೂ ಹೃದಯಕ್ಕೂ ಹಬ್ಬುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿಯಂತೆ ಇಂಥ ಕಣಗಳ ವಾರ್ಷಿಕ ಸರಾಸರಿ ಒಂದು ಘನಮೀಟರ್ ಗಾಳಿಯಲ್ಲಿ 5 ಮೈಕ್ರೋಗ್ರಾಂ ಮೀರಬಾರದು. ಭಾರತವು 2009ರಲ್ಲಿ ಗೊತ್ತುಪಡಿಸಿದ ಮಿತಿ 40 ಮೈಕ್ರೋಗ್ರಾಂ. ಗಾಳಿಯಾಡದ ಅಡಿಗೆಮನೆಯಲ್ಲಿ ಕಟ್ಟಿಗೆಯ ಹೊಗೆ ಸುರಕ್ಷಿತ ಮಟ್ಟದ ನೂರು ಪಟ್ಟಿಗೂ ಏರಬಹುದೆಂದು ಅದೇ ಸಂಸ್ಥೆ ತಿಳಿಸುತ್ತದೆ.

ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ ಅವರು 1981ರಲ್ಲಿ ಗುಜರಾತಿನ ಹಳ್ಳಿಗಳ ಅಡಿಗೆಮನೆಗಳಲ್ಲಿ ಈ ಹೊಗೆಯನ್ನು ಅಳೆದರು. ಅಲ್ಲಿಯವರೆಗೆ ವಾಯುಮಾಲಿನ್ಯವೆಂದರೆ ಕಾರ್ಖಾನೆಯ ಚಿಮಣಿ ಮತ್ತು ವಾಹನಗಳ ಹೊಗೆ ಎಂದೇ ತಿಳಿಯಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಜನ ಅಕಾಲ ಮರಣಕ್ಕೀಡಾದರು. ಈ ಸಾವುಗಳಲ್ಲಿ ಶೇಕಡಾ 32 ಹೃದ್ರೋಗದಿಂದ, ಶೇಕಡಾ 23 ಪಾರ್ಶ್ವವಾಯುವಿನಿಂದ, ಶೇಕಡಾ 21 ನ್ಯುಮೋನಿಯದಂಥ ಸೋಂಕಿನಿಂದ, ಶೇಕಡಾ 19 ದೀರ್ಘಕಾಲಿಕ ಶ್ವಾಸರೋಧದಿಂದ ಉಂಟಾದವು. ಕಣ್ಣಿನ ಪೊರೆಗೂ ಒಲೆಯ ಹೊಗೆಗೂ ಸಂಬಂಧವಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನೆಯೊಳಗಿನ ಕಟ್ಟಿಗೆಯ ಹೊಗೆಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿದೆ.

ತಾಸು ಮತ್ತು ವರ್ಷಗಳ ಗುಣಾಕಾರ

ಬೀಡಿ-ಸಿಗರೇಟು ಸೇದುವವರ ಅಪಾಯವನ್ನು ಲೆಕ್ಕ ಹಾಕಲು ವೈದ್ಯರು ದಿನಕ್ಕೆ ಎಷ್ಟು, ಎಷ್ಟು ವರ್ಷ ಎಂದು ಕೇಳುತ್ತಾರೆ. ಒಲೆಯ ಹೊಗೆಗೂ ಇಂಥದೇ ಒಂದು ಸೂಚ್ಯಂಕವಿದೆ. ದಿನಕ್ಕೆ ಸರಾಸರಿ ಎಷ್ಟು ತಾಸು ಅಡಿಗೆ ಮಾಡುತ್ತಿದ್ದರು ಎಂಬುದನ್ನು ಎಷ್ಟು ವರ್ಷ ಕಟ್ಟಿಗೆಯ ಒಲೆ ಬಳಸಿದರು ಎಂಬುದರಿಂದ ಗುಣಿಸಬೇಕು. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ತಜ್ಞರು ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಈ ಬಗೆಯಲ್ಲಿ ಪರಿಶೀಲಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗುಣಲಬ್ಧವು 60ನ್ನು ಮುಟ್ಟಿದಾಗಿನಿಂದ ದೀರ್ಘಕಾಲಿಕ ಶ್ವಾಸನಾಳದ ಉರಿಯೂತದ ಅಪಾಯವು ಗಮನಾರ್ಹವಾಗುತ್ತದೆಂಬುದು ಅವರ ನಿರ್ಣಯ.

ಉದಾಹರಣೆಗೆ, ಹದಿನೆಂಟನೆಯ ವಯಸ್ಸಿನಲ್ಲಿ ಮದುವೆಯಾಗಿ ಬಂದು, ನಲವತ್ತೈದನೆಯ ವಯಸ್ಸಿಗೆ ಮನೆಗೆ ಗ್ಯಾಸ್ ಬರುವವರೆಗೆ ದಿನಕ್ಕೆ ನಾಲ್ಕು ತಾಸು ಒಲೆಯ ಮುಂದೆ ಇದ್ದ ಗೃಹಿಣಿಯ ಲೆಕ್ಕ ಹೀಗಾಗುತ್ತದೆ: 27 ವರ್ಷ ಗುಣಿಸು 4 ತಾಸು, ಅಂದರೆ 108. ಭತ್ತ ಬೇಯಿಸುವುದು, ಬಚ್ಚಲಿನ ಹಂಡೆಗೆ ಬೆಂಕಿ ಹಾಕುವುದು, ದನಗಳಿಗೆ ಹುರುಳಿ ಬೇಯಿಸುವುದು ಈ ಲೆಕ್ಕದ ಹೊರಗಿವೆ. ಹದಿನೈದು ವರ್ಷದಲ್ಲಿಯೇ ಆಕೆ 60ರ ಗಡಿಯನ್ನು ದಾಟಿರುತ್ತಾಳೆ. ಸೂಚ್ಯಂಕ ಹೆಚ್ಚಾದ ಮಾತ್ರಕ್ಕೆ ರೋಗ ಇದೆಯೆಂದು ತಿಳಿಯಬಾರದು. ಪರೀಕ್ಷೆ ಅಗತ್ಯವೆಂಬುದನ್ನು ಮಾತ್ರ ಅದು ಸೂಚಿಸುತ್ತದೆ.

ರೋಗದ ಲಕ್ಷಣಗಳು ನಿಧಾನವಾಗಿ ಕಾಣಿಸಿಕೊಳ್ಳುತ್ತವೆ. ಸತತವಾಗಿ ಎರಡು ವರ್ಷ, ವರ್ಷದಲ್ಲಿ ಮೂರು ತಿಂಗಳು ಕಫದಿಂದ ಕೂಡಿದ ಕೆಮ್ಮು ಇದ್ದರೆ ಅದನ್ನು ದೀರ್ಘಕಾಲಿಕ ಶ್ವಾಸನಾಳದ ಉರಿಯೂತವೆನ್ನುತ್ತಾರೆ. ಮುಂದೆ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗಿ, ರೈಲು ನಿಲ್ದಾಣದ ಮೇಲ್ಸೇತುವೆಯನ್ನು ಹತ್ತುವಾಗ ಜೊತೆಯವರಿಗಿಂತ ಹಿಂದೆ ಬೀಳುವುದು, ಮಾತಿನ ನಡುವೆ ಉಸಿರು ಸಾಲದಾಗುವುದು ಆರಂಭವಾಗುತ್ತದೆ. ಇದೇ ಸಿ.ಓ.ಪಿ.ಡಿ. ಎಂದು ವೈದ್ಯರು ಕರೆಯುವ ರೋಗ. ಬೀಡಿ ಮುಟ್ಟದ ಹೆಂಗಸಿಗೆ ಈ ರೋಗ ಬರಲಾರದೆಂಬ ಭಾವನೆ ಇನ್ನೂ ಅನೇಕರಲ್ಲಿದೆ. ಹೀಗಾಗಿ ಎಷ್ಟೋ ವೇಳೆ ಕೆಮ್ಮಿನ ಔಷಧದಲ್ಲಿಯೇ ವರ್ಷಗಳು ಕಳೆದುಹೋಗುತ್ತವೆ. ಹಾಳಾದ ಶ್ವಾಸನಾಳವು ಪೂರ್ವಸ್ಥಿತಿಗೆ ಬರುವುದಿಲ್ಲವಾದರೂ ರೋಗವನ್ನು ಬೇಗ ಗುರುತಿಸಿದರೆ ಉಸಿರಾಟದ ಕಷ್ಟವನ್ನು ಬಹಳಷ್ಟು ಕಡಿಮೆ ಮಾಡಬಹುದು.

ಮಹಾನಗರದ ಹೊಗೆ

ಊರಿನ ಒಲೆಯನ್ನು ಬಿಟ್ಟು ಬಂದವರು ಕಟ್ಟಿಗೆಯ ಹೊಗೆಯಿಂದ ಪೂರ್ತಿಯಾಗಿ ಪಾರಾದರೆಂದು ಹೇಳುವಂತಿಲ್ಲ. ಚಳಿಗಾಲದಲ್ಲಿ ಸಮುದ್ರದ ಗಾಳಿ ಕ್ಷೀಣಿಸಿ, ರಾತ್ರಿ ಮತ್ತು ಮುಂಜಾನೆ ಹೊಗೆ ನೆಲಮಟ್ಟದಲ್ಲಿಯೇ ನಿಲ್ಲುತ್ತದೆ. ವಾಹನಗಳು, ಕಟ್ಟಡ ಕಾಮಗಾರಿಯ ಧೂಳು, ಕಾರ್ಖಾನೆಗಳು ಇದಕ್ಕೆ ದೊಡ್ಡ ಕಾರಣಗಳಾದರೂ ಸಣ್ಣ ಸಣ್ಣ ಬೆಂಕಿಗಳ ಪಾಲನ್ನು ಅಲ್ಲಗಳೆಯಲಾಗದು. ರಾತ್ರಿ ಕಾವಲುಗಾರರು ಹಚ್ಚುವ ಬೆಂಕಿ, ಸೊಸಾಯಿಟಿಯ ಅಂಗಳದಲ್ಲಿ ಗುಡಿಸಿ ಸುಡುವ ಎಲೆ, ರಸ್ತೆ ಬದಿಯ ಕಸದ ರಾಶಿ ಇವೆಲ್ಲ ಜೈವಿಕ ಇಂಧನದ ದಹನವೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಮುಂಬಯಿಯ ಜೊತೆಗೆ ನವಿಮುಂಬಯಿ, ಉಲ್ಲಾಸನಗರ, ಬದಲಾಪುರಗಳೂ ಸೇರಿದ್ದವು.

ಮುಂಬಯಿಯ ಬೇಕರಿಗಳಲ್ಲಿ ಬಹಳಷ್ಟು ಪಾವಿನ ಭಟ್ಟಿಗಳು ಸೌದೆಯಿಂದಲೇ ಉರಿಯುತ್ತಿದ್ದವು. ಅಗ್ಗವಾಗಿ ದೊರೆಯುವ ಹಳೆಯ ಬಾಗಿಲು, ಮುರಿದ ಪೀಠೋಪಕರಣ, ಪ್ಲೈವುಡ್ ತುಂಡುಗಳೂ ಅವುಗಳಿಗೆ ಹೋಗುತ್ತಿದ್ದವು. ಬಣ್ಣ ಮತ್ತು ಅಂಟು ಹಚ್ಚಿದ ಇಂಥ ಮರ ಉರಿದಾಗ ಬರುವ ಹೊಗೆ ಇನ್ನಷ್ಟು ವಿಷಕರ. 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಸೌದೆ ಮತ್ತು ಇದ್ದಲಿನ ಬೇಕರಿಗಳು ಆರು ತಿಂಗಳೊಳಗೆ ಅನಿಲ ಅಥವಾ ಇತರ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ಕಾಗದದ ಮೇಲೆ 'ನವೀಕರಿಸಬಹುದಾದ' ಸೌದೆಯು ಜನದಟ್ಟಣೆಯ ಓಣಿಯಲ್ಲಿ ಉರಿದಾಗ ಶುದ್ಧವಾಗಿ ಉಳಿಯಲಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಕಲ್ಯಾಣದ ಆಧಾರವಾಡಿಯ ಕಸದ ಗುಡ್ಡದ ಪಾಠವೂ ನೆನಪಿಡತಕ್ಕದ್ದು. 2021ರಲ್ಲಿ ಮುಚ್ಚುವವರೆಗೆ ಅದು ಪದೇ ಪದೇ ಹೊತ್ತಿಕೊಂಡು ಸುತ್ತಲಿನ ವಸತಿಗಳಿಗೆ ಹೊಗೆ ಕವಿಯುತ್ತಿತ್ತು. ಹಸಿ ಕಸ ಗಾಳಿಯಿಲ್ಲದೆ ಕೊಳೆತಾಗ ಹುಟ್ಟುವ ಮೀಥೇನ್ ಅನಿಲವು ಇಂಥ ಗುಡ್ಡಗಳಲ್ಲಿ ಬೆಂಕಿಗೆ ಇಂಬು ಕೊಡುತ್ತದೆ. ಅದೇ ಅನಿಲವನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದರೆ ಒಳ್ಳೆಯ ಇಂಧನವಾಗುತ್ತದೆ.

ಶುದ್ಧವಾಗಿ ಉರಿಸುವ ಬಗೆ

ಜೈವಿಕ ಇಂಧನವೇ ತ್ಯಾಜ್ಯವೆಂದು ಇದರ ಅರ್ಥವಲ್ಲ. ಉರಿಸುವ ಕ್ರಮವನ್ನು ಬದಲಿಸಿದರೆ ಫಲವೂ ಬದಲಾಗುತ್ತದೆ. 1980ರ ದಶಕದ ಆರಂಭದಲ್ಲಿ ರೂಪುಗೊಂಡ 'ಅಸ್ತ್ರ ಒಲೆ'ಯು ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಸಾಗಿಸಿ, ಕಡಿಮೆ ಸೌದೆಯಲ್ಲಿ ಹೆಚ್ಚು ಶಾಖ ಕೊಡುವಂತೆ ಮಾಡಿತು. ಆದರೆ ಕೊಳವೆ ಕಟ್ಟಿಕೊಂಡರೆ ಅಥವಾ ಒಲೆ ಬಿರುಕು ಬಿಟ್ಟರೆ ಅದರ ಗುಣ ಹೋಗುತ್ತದೆ. ಅಲ್ಲದೆ ಹೊರಹೋದ ಹೊಗೆ ನೆರೆಮನೆಯನ್ನು ಸೇರುತ್ತದೆ. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆಯನ್ನು ಅನಿಲವಾಗಿಸಿ ಎಂಜಿನ್ ನಡೆಸಿ ಮನೆಗಳಿಗೆ ದೀಪ ಒದಗಿಸಲಾಯಿತು. ದೊಡ್ಡ ವಿದ್ಯುದಾಗಾರಗಳಲ್ಲಿ ಉರಿಯ ಉಷ್ಣತೆ ಹೆಚ್ಚು, ಕಣಗಳನ್ನು ಹಿಡಿಯುವ ಯಂತ್ರಗಳೂ ಇರುತ್ತವೆ. ಅಡಿಗೆಮನೆಗೆ ಆ ಸೌಲಭ್ಯವಿಲ್ಲ.

ಎಲ್ಲಕ್ಕಿಂತ ಮೇಲಾದುದು ಗೋಬರ್ ಗ್ಯಾಸ್. ಸಗಣಿಯನ್ನು ಬೆರಣಿ ತಟ್ಟಿ ಉರಿಸಿದರೆ ದಟ್ಟ ಹೊಗೆ. ಅದೇ ಸಗಣಿಯನ್ನು ತೊಟ್ಟಿಯಲ್ಲಿ ಕಳಿಯಿಸಿದರೆ ನೀಲಿ ಜ್ವಾಲೆ, ಮೇಲಾಗಿ ಗೊಬ್ಬರ. ಪುರ ಗ್ರಾಮದಲ್ಲಿ 1987ರಲ್ಲಿ ಊರ ದನಗಳ ಸಗಣಿಯ ಅನಿಲದಿಂದ ವಿದ್ಯುತ್ ದೀಪಗಳು ಬೆಳಗಿದವು. ಉತ್ತರ ಕನ್ನಡದ ಶಿರಸಿ ತಾಲೂಕಿನಲ್ಲಿ ಗೋಬರ್ ಗ್ಯಾಸ್ ಸ್ಥಾವರಗಳು ಮನೆಮನೆಯಲ್ಲಿ ಯಶಸ್ವಿಯಾಗಿ ನಡೆದುಬಂದುದನ್ನು ಸಂಶೋಧಕರು ದೇಶಕ್ಕೇ ಮಾದರಿಯೆಂದು ದಾಖಲಿಸಿದ್ದಾರೆ. ಟ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರವು ಅಡಿಗೆಮನೆಯ ಹಸಿ ಕಸಕ್ಕೆ ಹೊಂದುವಂತೆ 'ನಿಸರ್ಗಋಣ' ಎಂಬ ವಿಧಾನವನ್ನು ರೂಪಿಸಿತು. ಮಾಥೇರಾನ್ ಗಿರಿಧಾಮದಲ್ಲಿ ಇಂಥ ಸ್ಥಾವರವನ್ನು ಸ್ಥಾಪಿಸಲಾಯಿತು.

ಈ ಎಲ್ಲವನ್ನೂ ಹೋಲಿಸಿದಾಗ ಚಿತ್ರ ಸ್ಪಷ್ಟವಾಗುತ್ತದೆ. ಸೌದೆ ನವೀಕರಿಸಬಹುದಾದುದಿರಬಹುದು, ಮನೆಯ ಒಲೆಯಲ್ಲಿ ಶುದ್ಧವಲ್ಲ. ಸಿಲಿಂಡರಿನ ಗ್ಯಾಸ್ ನವೀಕರಿಸಲಾಗದುದು, ಆದರೆ ಉಸಿರಿಗೆ ಎಷ್ಟೋ ಮೇಲು. ಕಲ್ಲಿದ್ದಲಿಗೆ ಎರಡು ಗುಣಗಳೂ ಇಲ್ಲ. ಗೋಬರ್ ಗ್ಯಾಸ್ ಮತ್ತು ಸೌರಶಕ್ತಿಗಳಿಗೆ ಎರಡೂ ಇವೆ. ಗ್ಯಾಸಿನ ಒಲೆ ಬಂದೊಡನೆ ಎಲ್ಲ ರೋಗಗಳೂ ಮಾಯವಾಗುತ್ತವೆಂದೂ ಹೇಳಬಾರದು. ಭಾರತ ಸೇರಿದಂತೆ ನಾಲ್ಕು ದೇಶಗಳ ಸುಮಾರು 3,200 ಗರ್ಭಿಣಿಯರನ್ನು ಒಳಗೊಂಡ ಪರೀಕ್ಷೆಯೊಂದರಲ್ಲಿ, ಗ್ಯಾಸ್ ಬಳಸಿದವರು ಸೇವಿಸಿದ ಹೊಗೆ ಮೂರನೆಯ ಒಂದಂಶಕ್ಕೆ ಇಳಿಯಿತು. ಆದರೂ ಶಿಶುಗಳ ಜನನತೂಕದಲ್ಲಿ ಮತ್ತು ನ್ಯುಮೋನಿಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು 2022 ಮತ್ತು 2024ರ ವರದಿಗಳು ತಿಳಿಸಿದವು. ಹೊರಗಿನ ಗಾಳಿ, ಪೋಷಣೆ, ಅದುವರೆಗಿನ ಬದುಕು ಇವೆಲ್ಲವೂ ಆರೋಗ್ಯವನ್ನು ನಿರ್ಧರಿಸುತ್ತವೆ.

ಗಮನಿಸಬೇಕಾದ ಅಂಶಗಳು

1. ಊರಿನಿಂದ ಬಂದ ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ ಒಲೆಯ ತಾಸು ಮತ್ತು ವರ್ಷಗಳನ್ನು ಕೇಳಿ ಬರೆದುಕೊಂಡು ಹೋಗಬೇಕು. ವೈದ್ಯರು ಕೇಳದಿದ್ದರೂ ಹೇಳಬೇಕು.

2. ಗುಣಲಬ್ಧ 60ಕ್ಕೆ ಮೀರಿ, ಕೆಮ್ಮು ಅಥವಾ ಏದುಸಿರು ಇದ್ದರೆ ಸ್ಪೈರೋಮೆಟ್ರಿ ಮಾಡಿಸುವ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು. ಕೊಳವೆಯೊಂದರಲ್ಲಿ ಜೋರಾಗಿ ಊದುವ ಈ ಪರೀಕ್ಷೆ ಸರಳವಾದುದು. ಎರಡು ವಾರಕ್ಕೆ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆಯೂ ಅವಶ್ಯ.

3. ವೈದ್ಯರು ಸೂಚಿಸಿದ ಇನ್ಹೇಲರನ್ನು 'ಅಭ್ಯಾಸವಾಗುತ್ತದೆ' ಎಂಬ ಭಯದಿಂದ ಬಿಡಬಾರದು. ಔಷಧವು ನೇರವಾಗಿ ಶ್ವಾಸನಾಳವನ್ನು ತಲುಪಲು ಅದೇ ಸುಲಭ ಮಾರ್ಗ.

4. ಊರಮನೆಯಲ್ಲಿ ಅಡಿಗೆಗೆ ಗ್ಯಾಸ್ ಬಂದಿದ್ದರೂ ಬಚ್ಚಲಿನ ಹಂಡೆಯ ಒಲೆ ಅನೇಕ ಕಡೆ ಉಳಿದಿದೆ. ಮನೆ ದುರಸ್ತಿಯ ಸಂದರ್ಭದಲ್ಲಿ ಸೌರ ಜಲತಾಪಕವನ್ನು ಅಳವಡಿಸುವುದು ಅಥವಾ ಒಲೆಯ ಬಾಯನ್ನು ಹೊರಗಿಟ್ಟು ಎತ್ತರದ ಹೊಗೆಕೊಳವೆ ಹಾಕಿಸುವುದು ಹಿತಕರ.

5. ಸೊಸಾಯಿಟಿಯ ಒಣಎಲೆಗಳನ್ನು ಸುಡದೆ ಗೊಬ್ಬರ ಮಾಡಬೇಕು; ಹಸಿ ಕಸವನ್ನು ಬೇರ್ಪಡಿಸಿ ಕೊಡಬೇಕು. ಬಯಲಿನಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿಯಮಗಳೇ ನಿಷೇಧಿಸಿದವು. ರಾತ್ರಿಯ ಕಾವಲುಗಾರನಿಗೆ ಬೆಚ್ಚನೆಯ ಹೊದಿಕೆ ಒದಗಿಸಿದರೆ ಆತ ಬೆಂಕಿ ಹಚ್ಚಬೇಕಾಗುವುದಿಲ್ಲ.

6. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಶೇಗಡಿಯನ್ನಾಗಲಿ, ಗಾಳಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರನ್ನಾಗಲಿ ಉರಿಸಬಾರದು. ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡ್ ನಿಮಿಷಗಳಲ್ಲಿ ಪ್ರಾಣಕ್ಕೆ ಎರವಾಗಬಹುದು.

ಒಲೆಯ ಹೊಗೆಯನ್ನು ನುಂಗಿ ಮನೆಮಂದಿಗೆಲ್ಲ ಉಣಬಡಿಸಿದ ತಲೆಮಾರು ಇಂದು ವೃದ್ಧಾಪ್ಯದಲ್ಲಿದೆ. ಊದುಗೊಳವೆ ಹಿಡಿದು ಬೆಂಕಿಯನ್ನು ಎಬ್ಬಿಸಿದ ಅದೇ ಉಸಿರನ್ನು ಈಗೊಮ್ಮೆ ಪರೀಕ್ಷೆಯ ಕೊಳವೆಯಲ್ಲಿ ಊದಿಸಿ ನೋಡುವುದು ಮಕ್ಕಳ ಕರ್ತವ್ಯ.